ಮೇಲಿನ ಒಂದು ಬಳೆ

ಖತೀಜಾ ಬೇಗಂ ಬೀದರಿನ ಮೈಲೂರಿನವಳು. ಬಳೆ ತೊಡಿಸುವುದು ಅವಳ ಕಸುಬು. ಹಗ್ಗಕ್ಕೆ ಪೋಣಿಸಿದ ಬಳೆಗಳ ಮಲಾರವನ್ನು ಹೆಗಲಿಗೇರಿಸಿ ಒಂದು ವಾರ ಔರಾದ, ಇನ್ನೊಂದು ವಾರ ಭಾಲ್ಕಿ ಕಡೆಯ ಬಸ್ಸು ಹತ್ತುವಳು. ನಮ್ಮ ಸಾಯಗಾಂವಕ್ಕೆ ಬಂದರೆ ಪಕ್ಕದ ಮನೆಯ ಸುಭದ್ರಾಬಾಯಿಯ ಅಂಗಳವೇ ಅವಳ ಅಂಗಡಿ. ನಾನು ಯಾರನ್ನೂ ಸುಲಭಕ್ಕೆ ಮೆಚ್ಚುವವಳಲ್ಲ, ಬೇಕಾದರೆ ನಮ್ಮ ಮನೆಯವರನ್ನು ಕೇಳಿ. ಆದರೆ ಈ ಹೆಂಗಸನ್ನು ಕಂಡರೆ ನನಗೆ ಬಹಳ ಗೌರವ.

ಬಳೆಯನ್ನು ತಾನೇ ತೊಟ್ಟುಕೊಳ್ಳಬಾರದು, ಇನ್ನೊಬ್ಬರು ತೊಡಿಸಬೇಕು ಎನ್ನುವುದು ಅವಳ ಕಟ್ಟುನಿಟ್ಟು. ತೊಡಿಸಿ ಮುಗಿದ ಮೇಲೆ ಮೇಲೊಂದು ಬಳೆ ಬಿಟ್ಟಿ ಹಾಕಿ, 'ಸುಖವಾಗಿರು' ಎಂದು ಹರಸುವಳು. ಅವಳ ಕೈ ಮಾತ್ರ ಸದಾ ಬರಿದು. ಯಾರಾದರೂ ಕೇಳಿದರೆ ನಗುವಳು.

"ನಮ್ಮ ಅತ್ತಿ ತೊಡಸ್ತಿದ್ಳು, ಹೋಗಿಬಿಟ್ಳು. ಈಗ ನನಗ ಯಾರು ತೊಡಸ್ತಾರ್ರಿ?"

ಕೊರೊನಾಕ್ಕೆ ಮುಂಚೆ ಎರಡು ವರ್ಷ ಮಳೆ ಕೈಕೊಟ್ಟು ಅರ್ಧ ಊರು ಪುಣೆಗೆ ಗುಳೆ ಹೋಗಿತ್ತು. ಸುಭದ್ರಾಬಾಯಿಯ ಮಗ ಪಂಢರಿ, ಸೊಸೆ ಗಿರಿಜಾ ಕೂಡ ಅಲ್ಲಿ ಇಟ್ಟಿಗೆ ಹೊರುತ್ತಿದ್ದರು. ಕೊರೊನಾ ಬಂದದ್ದೇ ತಡ, ಎಲ್ಲರೂ ಬಿದ್ದೆದ್ದು ಊರಿಗೆ ಓಡಿ ಬಂದರು. ಊರು ತುಂಬಿತು, ಆದರೆ ಒಬ್ಬರ ಕೈ ಒಬ್ಬರು ಮುಟ್ಟುವಂತಿರಲಿಲ್ಲ.

ನಿಂತ ಬಸ್ಸು ಮತ್ತೆ ಶುರುವಾದಾಗ ಖತೀಜಾ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಂದಳು. ಯಾರೂ ಕೈ ಕೊಡಲಿಲ್ಲ.

"ಊರೂರು ತಿರಗೋ ಕೈ ನಿಂದು. ಬ್ಯಾಡವ್ವಾ," ಎಂದು ಸುಭದ್ರಾಬಾಯಿ ಸೆರಗು ಹೊದ್ದು ಕೈ ಮುಚ್ಚಿಕೊಂಡಳು. ಖತೀಜಾಗೆ ಸಿಟ್ಟು ಬರಲಿಲ್ಲ. ನನಗೆ ಬಂತು.

ಖತೀಜಾಳ ಮಗ ದಸ್ತಗೀರನೂ ಹೈದರಾಬಾದಿನ ಕೆಲಸ ಬಿಟ್ಟು ಬಂದು ಮನೆಯಲ್ಲಿದ್ದ. "ಅಮ್ಮೀ, ಈ ಧಂದಾ ಮುಗೀತು. ಮಲಾರ ಮಾರಿ ನನ್ನ ಜೊತಿ ಹೈದರಾಬಾದಕ್ಕ ನಡಿ, ಕಟ್ಟಡದ ಕೆಲಸ ಸಿಗತದ," ಎಂದು ದುಂಬಾಲು ಬಿದ್ದ. ಅತ್ತೆಯ ಕಾಲದ ಮಲಾರ ಅದು. ದೀಪಾವಳಿ ತನಕ ನೋಡೋಣ, ಆಗದಿದ್ದರೆ ಬರುತ್ತೇನೆ ಎಂದು ಅವಳು ಮಾತು ಕೊಟ್ಟಳು.

ಪಂಚಮಿ ಹಬ್ಬಕ್ಕೆ ಬಳೆಗಳನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ತಂದು, ಮನೆ ಮನೆಯ ಕಟ್ಟೆಯ ಮೇಲಿಟ್ಟು ಹೋದಳು. ತಾನೇ ಮಾಡಿದ ಕಟ್ಟುನಿಟ್ಟನ್ನು ತಾನೇ ಮುರಿದಳು. ಹೆಂಗಸರು ಸಾಬೂನು ಹಚ್ಚಿ ಕೈಗೆ ತುರುಕಿಕೊಂಡರು. ಹಬ್ಬದ ದಿನವೇ ಓಣಿ ತುಂಬ ಗಾಜಿನ ಚೂರು! ಬಳೆ ಒಡೆಯಿತು ಎಂದು ಬಾಯಿ ಬಿಟ್ಟು ಹೇಳಲೂ ಹೆದರುವ ಜನ ನಾವು. ಅಪಶಕುನವೆಂದು ಅತ್ತರು, ಖತೀಜಾಳನ್ನು ಬೈದರು.

ಬೇರೆಯವರಾಗಿದ್ದರೆ ಮತ್ತೆ ಈ ಕಡೆ ಮುಖ ಹಾಕುತ್ತಿರಲಿಲ್ಲ. ಇವಳು ಬಂದಳು. ಅಂಗಳದ ಬೇವಿನ ಗಿಡದ ಕೆಳಗೆ ದೂರವೇ ಕೂತು ಸುಭದ್ರಾಬಾಯಿಯನ್ನೂ ಸೊಸೆಯನ್ನೂ ಕರೆದಳು.

"ಬಾಯಿ, ನಾ ಮುಟ್ಟಂಗಿಲ್ರಿ. ನಿಮ್ಮ ಸೊಸಿ ಕೈ ನೀವೇ ಹಿಡೀರಿ. ನಾ ಹೇಳಿದಂಗ ಮಾಡ್ರಿ."

ಗೊಣಗುತ್ತಲೇ ಸುಭದ್ರಾಬಾಯಿ ಗಿರಿಜಾಳ ಕೈ ಹಿಡಿದಳು. ಹಿಡಿದವಳು ಅದನ್ನು ಮಗುಚಿ ನೋಡಿದಳು. ಅಂಗೈ ಬಿರಿದಿತ್ತು, ಸಿಮೆಂಟು ಉಗುರುಗಳನ್ನು ತಿಂದಿತ್ತು.

"ಹ್ಯಾಂಗ ಆಗ್ಯಾವಲ್ಲೇ ನಿನ್ನ ಕೈ!"

"ಇಟ್ಟಂಗಿ ಹೊತ್ತು ಹಂಗಾಗ್ಯಾವ್ರಿ, ಅತ್ತಿ."

ಸುಭದ್ರಾಬಾಯಿ ಒಳಗೆ ಹೋಗಿ ಕೊಬ್ಬರಿ ಎಣ್ಣೆ ತಂದು ಆ ಕೈಗಳನ್ನು ಬಹಳ ಹೊತ್ತು ತಿಕ್ಕಿದಳು. ಖತೀಜಾ ಅವಸರ ಮಾಡಲಿಲ್ಲ. ಆಮೇಲೆ ಹೇಳಿಕೊಟ್ಟಳು: "ಹೆಬ್ಬೆರಳ ಒಳಗ ಮಡಚ್ರಿ. ಜೋರು ಮಾಡಬ್ಯಾಡ್ರಿ. ಆಕಿ ಉಸಿರು ಬಿಟ್ಟಾಗ ಸರಸ್ರಿ." ಒಂದೂ ಬಳೆ ಒಡೆಯಲಿಲ್ಲ. ಮೇಲೊಂದು ಬಳೆಯನ್ನೂ ಅತ್ತೆಯೇ ಹಾಕಿ ಹರಸಿದಳು. ನನಗೆ ಕಣ್ಣೀರು ಬಂತು, ಹೇಳಲು ನಾಚಿಕೆಯೇನಿಲ್ಲ.

ಅಲ್ಲಿಂದ ಅವಳ ವ್ಯಾಪಾರದ ದಾರಿಯೇ ಬದಲಾಯಿತು. ಔರಾದ, ಭಾಲ್ಕಿ, ಹೋದಲ್ಲೆಲ್ಲ ಓಣಿಗೊಬ್ಬಳಿಗೆ ತೊಡಿಸುವುದನ್ನು ಕಲಿಸಿದಳು. ಬಳೆ ಇವಳದು, ಕೈ ಅವರದು. ಕಲಿತವಳಿಗೆ ವರ್ಷದ ಬಳೆ ಪುಕ್ಕಟೆ. ದೀಪಾವಳಿಗೆ ಮಲಾರ ಖಾಲಿಯಾಗಿ ಮನೆಗೆ ಬಂತು. ದಸ್ತಗೀರ ಒಬ್ಬನೇ ಹೈದರಾಬಾದಿಗೆ ಹೋದ. ಈಗ ಚಾರ್‌ಮಿನಾರದ ಬಳಿಯಿಂದ ಅಮ್ಮನಿಗೆ ಬಳೆ ಕಳಿಸುವವನು ಅವನೇ.

ರೋಗದ ಹೆದರಿಕೆ ಪೂರ್ತಿ ಹೋದ ವರ್ಷ ಖತೀಜಾ ಬಂದು, ಮೊದಲಿನಂತೆ ಅಂಗಳದ ನಡುವೆ ಮಲಾರ ಬಿಚ್ಚಿ, ತೊಡಿಸಲು ಕೈ ಮುಂದೆ ಮಾಡಿದಳು. ಇಷ್ಟು ದಿನದ ರೂಢಿಯಂತೆ ಓಣಿಯ ಹುಡುಗಿಯರೆಲ್ಲ ಹೋಗಿ ಸುಭದ್ರಾಬಾಯಿಯ ಮುಂದೆ ಕೂತರು! ವ್ಯಾಪಾರ ಉಳಿದರೂ ಅವಳ ಕಸುಬು ಉಳಿಯಲಿಲ್ಲವಲ್ಲ. ಖತೀಜಾ ಕೈಗಳನ್ನು ಮಡಿಲಿಗೆ ಎಳೆದುಕೊಂಡು, ಕೇಳಿದ ಬಣ್ಣದ ಬಳೆ ಎತ್ತಿ ಕೊಡುತ್ತ ಕೂತಳು.

ಹುಡುಗಿಯರೆಲ್ಲ ಎದ್ದು ಹೋದ ಮೇಲೆ ಸುಭದ್ರಾಬಾಯಿ ಕರೆದಳು. "ಖತೀಜಾ, ಇಲ್ಲಿ ಬಾ. ಕೈ ಕೊಡು."

"ನಂದ್ಯಾಕ್ರಿ, ಬಾಯಿ?"

"ನಿನ್ನ ಕೈ ಬ್ಯಾಡ ಅಂದಾಕಿ ನಾನೇ ಹೌದಿಲ್ಲೋ? ಕೊಡು."

ಖತೀಜಾ ಬಂದು ಎದುರು ಕೂತು ಕೈ ಚಾಚಿದಳು. "ಹೆಬ್ಬೆರಳ ಒಳಗ ಮಡಚ್ರಿ," ಎಂದಳು, ಅಳುತ್ತಲೇ.

"ನನಗ ಗೊತ್ತದ, ಸುಮ್ನ ಕೂಡು," ಎಂದು ಗದರಿ ಸುಭದ್ರಾಬಾಯಿ ಎರಡೂ ಕೈ ತುಂಬ ಹಸಿರು ಬಳೆ ತೊಡಿಸಿದಳು. ಆಮೇಲೆ ಮಲಾರದಿಂದ ಇನ್ನೊಂದು ತೆಗೆದು, ಮೇಲೆ ಹಾಕಿದಳು.