ಗಿರಿಮಲ್ಲಪ್ಪ ಸವರಿದ ಶೇಂಗಾ ಎಣ್ಣೆ

ಚಿಮ್ಮಡದ ಗಿರಿಮಲ್ಲಪ್ಪ ಮೂವತ್ತು ವರ್ಷ ಬೆಲ್ಲ ಕಾಯಿಸಿದವನು. ಪಾಕದ ಹದ ಅವನ ಬೆರಳಿಗೇ ಗೊತ್ತಾಗುತ್ತಿತ್ತು. ಯಾರಾದರೂ ಮೀಟರ್ ಹಿಡಿದು ಬಂದರೆ ಸಿಟ್ಟು ನೆತ್ತಿಗೇರುತ್ತಿತ್ತು. ಅಂಥವನು ಬೆಲ್ಲದ ಗಾಣ ನಿಂತ ಮೇಲೆ, ಐವತ್ತೈದರ ವಯಸ್ಸಿನಲ್ಲಿ, ಮುಧೋಳದ ಪುಟ್ಟ ಘಟಕವೊಂದರಲ್ಲಿ ಮೈತುಂಬ ಮೀಟರುಗಳಿರುವ ಉಕ್ಕಿನ ಪಾತ್ರೆ ಕಾಯುವ ಕೆಲಸಕ್ಕೆ ಸೇರಿದ.

ಘಟಕ ಅಕ್ಷತಾಳದು. ರಸಾಯನಶಾಸ್ತ್ರ ಓದಿದ ಹುಡುಗಿ. ಸುಡುಬಿಸಿಗೂ ಮೆತ್ತಗಾಗದ ಪಾಲಿಮರ್ ಪುಡಿ ಮಾಡುತ್ತಿದ್ದಳು. ಅದಕ್ಕೆ ತಲೆ ತಿರುಗಿಸುವ ವಾಸನೆಯ ದ್ರಾವಕ ಅವಳಿಗೆ ಬೇಡ. ಸಕ್ಕರೆ ಕಾರ್ಖಾನೆಯಲ್ಲಿ ಕಾಕಂಬಿ ಹುಳಿಯುವಾಗ ಆಕಾಶದ ಪಾಲಾಗುವ ಇಂಗಾಲದ ಡೈಆಕ್ಸೈಡನ್ನೇ ಹಿಡಿದು ತರುತ್ತಿದ್ದಳು. ಬಿಸಿ ಮಾಡಿ ಬಿಗಿಯಾಗಿ ಅದುಮಿದರೆ ಅದು ಗಾಳಿಯೂ ಅಲ್ಲ, ನೀರೂ ಅಲ್ಲ ಎಂಬಂತಾಗಿ ದ್ರಾವಕದ ಕೆಲಸ ಮಾಡುತ್ತದೆ. ಒತ್ತಡ ಬಿಟ್ಟರೆ ಹಾರಿಹೋಗುತ್ತದೆ, ಒಣಪುಡಿ ಉಳಿಯುತ್ತದೆ.

ಆದರೆ ಆ ಪುಡಿ ಒತ್ತಿ ಮಾಡಿದ ಬುಶ್, ಪಂಪಿನ ದಂಡ ತಿರುಗುವ ಬಳೆ, ಎರಡು ಸಲ ಪರೀಕ್ಷೆಯ ಒಲೆಯಲ್ಲಿ ಹಪ್ಪಳದ ಹಾಗೆ ಗುಳ್ಳೆ ಎದ್ದಿತು. ಕೊಳ್ಳುವವರು ಮೂರನೆಯದೇ ಕೊನೆಯದೆಂದರು. ಅದೂ ಕೆಟ್ಟರೆ ಘಟಕಕ್ಕೆ ಬೀಗ.

ಮೂರನೆಯ ಸಲ ಪುಡಿ ಅಂಟದಿರಲೆಂದು ಗಿರಿಮಲ್ಲಪ್ಪ ಪಾತ್ರೆಯ ಒಳಗೆಲ್ಲ ಶೇಂಗಾ ಎಣ್ಣೆ ಸವರಿದ. ಬೆಲ್ಲದ ಅಚ್ಚಿಗೆ ಸವರಿ ಸವರಿ ಪಳಗಿದ ಕೈ, ಯಾರನ್ನೂ ಕೇಳಬೇಕೆನಿಸಲಿಲ್ಲ. ಮಧ್ಯಾಹ್ನ ಅನಿಲ ಹೊರಬೀಳುವ ಬಾಟಲಿಯಲ್ಲಿ ಹಳದಿ ಹನಿಗಳು ಕಂಡವು, ಅವನೇ ಸವರಿದ ಎಣ್ಣೆ. ಒರೆಸಿ ಸುಮ್ಮನಿರಬಹುದಿತ್ತು. ಯಾರೂ ನೋಡಿರಲಿಲ್ಲ. ಅವನು ಅಕ್ಷತಾಳನ್ನು ಕರೆದ.

“ಅಕ್ಕಾರ, ತಪ್ಪಾತ್ರಿ. ಒಳಗ ನಾನ ಎಣ್ಣಿ ಸವರೇನ್ರಿ.”

“ಏನ್ ಮಾಡಿದ್ರಿ ಕಾಕಾ ಇದು!” ಅಕ್ಷತಾಳ ಮುಖ ಕೆಂಪಾಯಿತು. ಒತ್ತಡ ಇಳಿಸಿ, ಪಾತ್ರೆ ತೆರೆದು ಒಳಗೋಡೆಗೆ ಬೆರಳಾಡಿಸಿದಳು. ಎಣ್ಣೆಯ ಪಸೆಯೇ ಇಲ್ಲ. ಬಾಟಲಿ ನೋಡಿದಳು, ಮತ್ತೆ ಪಾತ್ರೆ ನೋಡಿದಳು.

“ಗ್ಯಾಸ ಎಣ್ಣೀನ ಪೂರಾ ತೊಳದೈತಿ. ಹಂಗಾರ ಪುಡ್ಯಾಗ ಉಳಿಯೋ ಹಸಿ ಕೆಮಿಕಲ್ಲೂ ತೊಳೀತೈತಿ. ಅದ ಗುಳ್ಳಿ ಎಬ್ಬಸಾಕತ್ತಿತ್ತು. ಗ್ಯಾಸ ಹರಸೂದು ನಾವ ಅರ್ಧ ತಾಸಿಗೇ ನಿಲ್ಲಸ್ತಿದ್ವಿ!”

ಪಾತ್ರೆ ಮುಚ್ಚಿ, ಮರುದಿನವಿಡೀ ಹೊಸ ಅನಿಲ ಹರಿಸಿದರು. ಗಿರಿಮಲ್ಲಪ್ಪ ಊಟಕ್ಕೂ ಏಳದೆ ಮೀಟರ್ ಕಾದ.

ಪರೀಕ್ಷೆಯ ದಿನ ಇನ್ನೂರೈವತ್ತು ಡಿಗ್ರಿಯಲ್ಲಿ ಹಗಲೆಲ್ಲ ಬೆಂದ ಬುಶ್ ಹೊರಬಂತು. ನುಣ್ಣಗಿತ್ತು. ಕೊಳ್ಳುವವರ ಎಂಜಿನಿಯರು ಅಳತೆ ಹಚ್ಚಿ ನೋಡುತ್ತಿರುವಾಗ, ಆರಿದ ಬುಶ್ಶನ್ನು ಗಿರಿಮಲ್ಲಪ್ಪ ಹೆಬ್ಬೆರಳಿನಿಂದ ಒತ್ತಿದ.

“ಹದಾ ಬಂದೈತ್ರಿ.”

ಎಂಜಿನಿಯರೂ ತಲೆಯಾಡಿಸಿದರು. ಅಕ್ಷತಾ ಕಪಾಟಿನಿಂದ ಎಣ್ಣೆಯ ಡಬ್ಬಿ ತೆಗೆದು ಗಿರಿಮಲ್ಲಪ್ಪನ ಕೈಗಿಟ್ಟಳು. ಕೆಲಸ ಹೋಯಿತೆಂದೇ ಅವನೆಣಿಸಿದ.

“ಇದನ್ನ ಮನೀಗೆ ಒಯ್ರಿ ಕಾಕಾ. ನೀವು ಮಾತ್ರ ನಾಳೆ ಲಗೂನ ಬರ್ರಿ.”