ಮಾವ ಗುರುತು ಹಿಡಿದ ಹಾಯಿದೋಣಿ

ನಮ್ಮ ಮಾವನವರ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು. ಅದರ ಸುತ್ತ ಚರ್ಮ ನೆರಿಗೆ ಬಿದ್ದು ಗಟ್ಟಿಯಾಗಿತ್ತು. ನಲವತ್ತು ವರ್ಷ ಒಂದು ಕಣ್ಣು ಮುಚ್ಚಿ ಹಲಗೆಯ ಅಂಚು ನೋಡಿ ನೋಡಿ ಹಾಗಾಗಿತ್ತು. ನನ್ನನ್ನು ನೋಡಲು ಬೇಗೂರಿಗೆ ಬಂದ ದಿನ ನಮ್ಮವ್ವ ಅಡುಗೆಮನೆಯಲ್ಲಿ, "ಗಂಡಿನ ಅಪ್ಪ ಯಾಕ್ ಇಂಗ್ ಕಣ್ಣೊಡೀತಾನೆ?" ಎಂದು ಪಿಸುಗುಟ್ಟಿದಳು. ಅವರು ನೋಡುತ್ತಿದ್ದದ್ದು ನನ್ನನ್ನಲ್ಲ, ನನ್ನ ಹಿಂದಿದ್ದ ಬಾಗಿಲನ್ನು. ಕಾಫಿ ಕುಡಿದು ಲೋಟ ಕೆಳಗಿಟ್ಟು ನಮ್ಮಪ್ಪನಿಗೆ, "ನಿಮ್ ಬಾಗ್ಲು ಮ್ಯಾಗಡೆ ಎಡಕ್ಕೆ ಅರ್ಧ ಇಂಚು ವಾಲದೆ ಕಣಣ್ಣ. ಮಳೆಗಾಲ್ದಲ್ಲಿ ಕಚ್ಕತದಲ್ವಾ?" ಎಂದರು. ಕಚ್ಚಿಕೊಳ್ಳುತ್ತಿತ್ತು. ಮದುವೆ ಮಾತು ಅಲ್ಲಿಗೇ ಗಟ್ಟಿಯಾಯಿತು ಎಂದು ನಮ್ಮಪ್ಪ ಹೇಳಿಕೊಂಡು ನಗುತ್ತಿದ್ದ.

ಮಾವ ಗುಂಡ್ಲುಪೇಟೆಯಲ್ಲಿ, ಊಟಿ ರಸ್ತೆಯ ಒಂದು ಸಾಮಿಲ್ಲಿನಲ್ಲಿ ಗರಗಸದ ಹಲ್ಲುಗಳಿಗೆ ಅರ ಹಾಕಿ ಹರಿತ ಮಾಡುವ ಕೆಲಸದಲ್ಲಿದ್ದರು. ನನ್ನ ಗಂಡ ಚಾಮರಾಜನಗರದ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಸೋಮವಾರ ಹೋದರೆ ಶನಿವಾರ ಬರುವುದು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ವಾರವೆಲ್ಲ ಮನೆಯಲ್ಲಿ ನಾನು, ಮಾವ ಇಬ್ಬರೇ. ಮಧ್ಯಾಹ್ನ ಮುದ್ದೆ ಸಾರು ಕಟ್ಟಿಕೊಂಡು ಮಿಲ್ಲಿಗೆ ಹೋಗಿ ಅವರು ಉಣ್ಣುವವರೆಗೆ ಕೂತಿದ್ದು ಬರುತ್ತಿದ್ದೆ.

ಅವರು ಹುಟ್ಟಿದ್ದು ತೆರಕಣಾಂಬಿಯಲ್ಲಿ, ಬೇಸಾಯದ ಮನೆಯಲ್ಲಿ. ಹದಿನಾರನೇ ವಯಸ್ಸಿನಲ್ಲಿ ಅಪ್ಪನ ಜೊತೆ ಜಗಳವಾಡಿ ಕೋಸು ತುಂಬಿದ ಲಾರಿ ಹತ್ತಿ ಘಟ್ಟ ಇಳಿದವರು ಕಲ್ಲಿಕೋಟೆ, ಕೊಚ್ಚಿ, ಆಮೇಲೆ ಬೊಂಬಾಯಿ ಎಂದು ಇಪ್ಪತ್ತು ವರ್ಷ ಕಡಲ ದಂಡೆಯಲ್ಲೇ ಇದ್ದರು. ಮೀನಿನ ದೋಣಿಯಲ್ಲ. ಹಣವಂತರು ಗಾಳಿ ಸವಾರಿಗೆಂದು ಇಟ್ಟುಕೊಂಡಿದ್ದ, ಮರದಿಂದ ಮಾಡಿದ ಹಾಯಿದೋಣಿಗಳು. ಮಳೆಗಾಲ ಬಂತೆಂದರೆ ಅವನ್ನು ನೀರಿಂದ ಎಳೆದು ಶೆಡ್ಡಿನಲ್ಲಿ ನಿಲ್ಲಿಸಿ, ಕೊಳೆತ ಹಲಗೆ ಬಿಚ್ಚಿ ಹೊಸದು ಕೂರಿಸುವುದು ಇವರ ಕೆಲಸ. ಫೈಬರ್ ದೋಣಿಗಳು ಬಂದ ಮೇಲೆ ಆ ಶೆಡ್ಡು ಮುಚ್ಚಿತು. ಇವರು ಊರಿಗೆ ಬಂದರು.

ಸಮುದ್ರವನ್ನೇ ನೋಡದ ನನಗೆ ಅವರು ದೋಣಿ ನೋಡುವುದನ್ನು ಕಲಿಸಿದರು. ಸಂಜೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇದ್ದಲಿನಲ್ಲಿ ಬರೆಯುತ್ತಿದ್ದರು. ಹಾಯಿ ಕಟ್ಟುವ ಕಂಬ ಒಂದೇ ಇದ್ದರೆ ಯಾವುದು, ಎರಡಿದ್ದರೆ ಯಾವುದು. ಹಿಂದಿನ ಗಿಡ್ಡ ಕಂಬ ಚುಕ್ಕಾಣಿಗಿಂತ ಮುಂದೆ ನಿಂತರೆ ಒಂದು ಜಾತಿ, ಹಿಂದೆ ನಿಂತರೆ ಇನ್ನೊಂದು. "ಕಂಬ ನೋಡಿ ಜಾತಿ ಏಳ್ಬೋದು ಕಣವ್ವ. ಆದ್ರೆ ಚೆಂದ ಇರಾದು ಬೆನ್ನಲ್ಲಿ" ಎನ್ನುತ್ತಿದ್ದರು. ಮೂತಿಯಿಂದ ಬಾಲದವರೆಗೆ ದೋಣಿಯ ಮೇಲಂಚು ಒಂದೇ ಉಸಿರಿನಲ್ಲಿ ಇಳಿದು ಏರಬೇಕು. ಎಲ್ಲಾದರೂ ಕಣ್ಣು ತಡೆದರೆ ಅದು ಅವಸರದ ಕೆಲಸ. ಅವರ ಅಪ್ಪ ಸಂತೆಯಲ್ಲಿ ಎತ್ತು ನೋಡುತ್ತಿದ್ದದ್ದೂ ಹಾಗೆಯೇ ಅಂತೆ, ದೂರದಿಂದ, ಬೆನ್ನಿನ ಗೆರೆ ನೋಡಿ.

ಆ ದೋಣಿ ಬಂದದ್ದು ಎರಡು ಸಾವಿರದ ಐದರ ಸುಮಾರಿಗೆ. ಕಾಡಂಚಿನಲ್ಲಿ ರೆಸಾರ್ಟ್ ಕಟ್ಟಿಸುತ್ತಿದ್ದ ಯಾರೋ ಒಬ್ಬರು ತೋಟದಲ್ಲಿ ನಿಲ್ಲಿಸಲು ಕೇರಳದಿಂದ ಲಾರಿಯಲ್ಲಿ ತರಿಸಿದ್ದರು. ಲಾರಿಯ ಆಕ್ಸಲ್ ನಮ್ಮ ಮಿಲ್ಲಿನ ಎದುರೇ ಮುರಿಯಿತು. ಸದ್ಯಕ್ಕೆಂದು ಮಿಲ್ಲಿನ ಅಂಗಳದಲ್ಲಿ ಇಳಿಸಿದರು. ಆಮೇಲೆ ರೆಸಾರ್ಟೇ ನಿಂತುಹೋಯಿತು. ಸಾಹುಕಾರರು, ಅಂದರೆ ಮಿಲ್ಲಿನ ಮಾಲೀಕರು, ನಾಲ್ಕೈದು ಸಲ ಫೋನು ಮಾಡಿದ ಮೇಲೆ ಆ ಮನುಷ್ಯ "ನೀವೇ ಏನಾದ್ರೂ ಮಾಡ್ಕೊಳ್ಳಿ" ಎಂದುಬಿಟ್ಟ.

ನೋಡಲು ಅದು ಏನೂ ಚೆನ್ನಾಗಿರಲಿಲ್ಲ. ಮೂವತ್ತಡಿ ಉದ್ದ. ಕಂಬವಿಲ್ಲ. ದೋಣಿ ಮಗುಚದಿರಲೆಂದು ತಳಕ್ಕೆ ಕಟ್ಟಿದ್ದ ಸೀಸದ ಗಟ್ಟಿಯನ್ನು ಯಾರೋ ಕಡಲ ದಂಡೆಯಲ್ಲೇ ಬಿಚ್ಚಿಕೊಂಡಿದ್ದರು. ಒಂದರ ಮೇಲೊಂದು ಬಳಿದ ಬಿಳಿ ಬಣ್ಣ ಹಪ್ಪಳದಂತೆ ಎದ್ದಿತ್ತು. ಮಾವ ಮೊದಲ ದಿನ ಅದರ ಹತ್ತಿರ ಹೋಗಲಿಲ್ಲ. ಊಟ ಮಾಡುತ್ತಾ ದೂರದಿಂದ ನೋಡುತ್ತಿದ್ದರು. ಮುದ್ದೆ ಆರಿಹೋಯಿತು. ಮಾರನೇ ದಿನ, ಎಲ್ಲರೂ ಟೀಗೆ ಹೋದಾಗ ನನ್ನನ್ನು ಕರೆದರು.

"ಮುಟ್ಟು ಇಲ್ಲಿ."

ಹಲಗೆಗಳು ನಡುವಿನಲ್ಲಿ ಅಗಲವಾಗಿದ್ದು ಎರಡೂ ತುದಿಗೆ ಸಣ್ಣಗಾಗುತ್ತಾ ಹೋಗಿದ್ದವು, ಎಲ್ಲವೂ ಒಟ್ಟಿಗೆ. ಮೊಳೆ ಹೊಡೆದ ಕಡೆಯೆಲ್ಲ ಗುಂಡಗೆ ಒಂದೊಂದು ಮರದ ಬಿರಡೆ ಕೂರಿಸಿದ್ದರು. ಬಣ್ಣ ಎದ್ದಿದ್ದ ಒಂದು ಕಡೆ ಉಗುರಿನಿಂದ ಕೆರೆದು ತೋರಿಸಿದರು. ಹಲಗೆಯ ನಾರು ಯಾವ ಕಡೆ ಓಡುತ್ತಿತ್ತೋ ಬಿರಡೆಯ ನಾರೂ ಅದೇ ಕಡೆ ಓಡುತ್ತಿತ್ತು. ಬಣ್ಣ ಬಳಿದ ಮೇಲೆ ಯಾರಿಗೂ ಕಾಣದ ಕೆಲಸ. ಸಾವಿರ ಬಿರಡೆಯಿದ್ದರೆ ಸಾವಿರವನ್ನೂ ತಿರುಗಿಸಿ ನೋಡಿ ಕೂರಿಸಿದ್ದರು. ಮಾವ ಜೇಬಿನಿಂದ ಹಳೇ ಸ್ಪೀಕರಿನ ಆಯಸ್ಕಾಂತ ತೆಗೆದು ಬಿರಡೆಗಳ ಮೇಲೆ ಆಡಿಸಿದರು. ಎಲ್ಲೂ ಹಿಡಿಯಲಿಲ್ಲ.

"ಕಬ್ಬಿಣ ಇಲ್ಲ. ಎಲ್ಲಾ ತಾಮ್ರ. ಮರ ಬರ್ಮಾ ತೇಗ. ನನ್ ವಯಸ್ಸಿಗಿಂತ ಹಳೇದು ಇದು" ಎಂದರು. ಆಮೇಲೆ ಬಹಳ ಮೆಲ್ಲಗೆ, "ಇಂಥದ್ದು ಮೂರು ನೋಡಿವ್ನಿ, ಅಷ್ಟೇಯ. ಮೂರೂ ಈಗ ಇಲ್ಲ."

ಅವತ್ತು ಮನೆಗೆ ಬಂದು ಒಂದು ಮಾತು ಹೇಳಿದರು. ಅವರ ಅಪ್ಪನಿಗೆ ಸಂತೆಯಲ್ಲಿ ಒಂದು ಎತ್ತು ಮನಸ್ಸಿಗೆ ಬಂದರೆ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲವಂತೆ. ಪಕ್ಕದ ಬಡಕಲು ಎತ್ತಿನ ಹಲ್ಲು ಹಿಡಿದು ನೋಡುತ್ತಾ ನಿಲ್ಲುತ್ತಿದ್ದನಂತೆ. ವ್ಯಾಪಾರ ಕುದುರಿ ಟವೆಲಿನ ಕೆಳಗೆ ಬೆರಳು ಹಿಡಿಯುವವರೆಗೂ ಅದರ ಗುಣ ಬಾಯಲ್ಲಿ ಬರಬಾರದು. ನಾನು ನಕ್ಕೆ. ನನಗೆ ಅದು ಹಳೆಯ ಕಾಲದ ಒಂದು ಕತೆಯಂತೆ ಕೇಳಿಸಿತು. ಮಾವ ನನಗೆ ಏನು ಹೇಳುತ್ತಿದ್ದರು ಎಂದು ತಿಳಿಯಲಿಲ್ಲ.

ಸಾಹುಕಾರರು ಒಂದೆರಡು ಸಲ ಕೇಳಿದ್ದರು, "ಏನಾದ್ರೂ ಉಪಯೋಗಕ್ಕೆ ಬತ್ತದಾ ಈ ತೊಟ್ಟಿ?" ಮಾವ ಅರ ಹಾಕುತ್ತಲೇ, "ಹಳೇದು ಬುದ್ಧಿ" ಎಂದಿದ್ದರು. ಅಷ್ಟೇ. ಅದು ಸುಳ್ಳೂ ಅಲ್ಲ.

ಒಂದು ವರ್ಷ ಅದು ಅಲ್ಲೇ ಇತ್ತು. ಚಾಮರಾಜನಗರದ ಒಂದು ಶಾಲೆಯವರು ಮಕ್ಕಳು ಹತ್ತಿ ಆಡಲಿ ಎಂದು ಕೇಳಿದಾಗ, ಅಂಗಳ ಖಾಲಿಯಾದರೆ ಸಾಕೆಂದು ಸಾಹುಕಾರರು ಒಪ್ಪಿದರು. ಅವರ ಮಟ್ಟಿಗೆ ಅದು ಯಾವುದೋ ಕಾಡುಮರ. ಆ ಭಾನುವಾರ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನನ್ನು ಕರೆದುಕೊಂಡು ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋದರು. ಶಾಲೆಯ ಬಯಲಿನಲ್ಲಿ ಅತ್ತಿಂದಿತ್ತ ಓಡಾಡಿ ಹೊಂಗೆ ಮರದ ಕೆಳಗೆ ನಿಂತರು. ನಡುಮಧ್ಯಾಹ್ನದ ಬಿಸಿಲಿಗೆ ಹಲಗೆ ಸೀಳಬಾರದು, ಇಲ್ಲೇ ಇಡಬೇಕು ಎಂದು ಹೆಡ್‌ಮಾಸ್ಟರಿಗೆ ಹೇಳಿದರು. ನನ್ನ ಹತ್ತಿರ, "ಇಲ್ಲಿಗ್ ಬಂದ್ಮೇಲೆ ಬಣ್ಣ ಎಲ್ಲಾ ಕೆರೆದು ಎಣ್ಣೆ ಕುಡಿಸ್ಬುಡ್ತೀನಿ. ಆಮೇಲ್ ಯಾರ್ ಏನ್ ಮಾಡಾರು?" ಎಂದರು. ಅವರು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಮುಂದಿನ ಭಾನುವಾರ ಶಾಲೆಯ ಲಾರಿ ಬರಬೇಕಿತ್ತು. ಶುಕ್ರವಾರ ನಾನು ಊಟ ತೆಗೆದುಕೊಂಡು ಹೋದಾಗ ಮಾವ ದೋಣಿಯ ಕೆಳಗೆ ಆಸರೆ ಕೊಟ್ಟಿದ್ದ ಮರದ ತುಂಡುಗಳನ್ನು ಸರಿಮಾಡುತ್ತಿದ್ದರು. ಸಾಹುಕಾರರು ಮೈಸೂರು ಕಡೆಯ ಮರದ ವ್ಯಾಪಾರಿಯೊಬ್ಬರ ಜೊತೆ ದಿಮ್ಮಿಯ ಮೇಲೆ ಕೂತಿದ್ದರು.

"ಏನವ್ವ, ನಿಮ್ಮಾವ ಆ ತೊಟ್ಟಿ ಮೈ ಸವರ್ಕಂಡು ಕೂತವ್ನೆ" ಎಂದರು ಸಾಹುಕಾರರು. "ಅದ್ನೂ ಇಸ್ಕೂಲ್ಗೆ ಸೇರಿಸ್ಬುಟ್ಟು ಇವ್ನೂ ಒಂದ್ನೇ ಕ್ಲಾಸ್ಗೆ ಕೂರ್ತಾನಾ?"

ವ್ಯಾಪಾರಿ ನಕ್ಕರು. "ವಯಸ್ಸಾದ್ಮೇಲೆ ಹಂಗೆಯ. ಸೌದೆನೂ ಚೆಂದ ಕಾಣ್ತದೆ."

ಕೆಲಸದ ಆಳುಗಳೂ ನಕ್ಕರು. ಮಾವ ತಲೆ ಎತ್ತಲಿಲ್ಲ. ಅವರು ತಲೆ ಎತ್ತದೇ ಇದ್ದದ್ದು ನನಗೆ ಅವಮಾನ ನುಂಗಿಕೊಂಡಂತೆ ಕಂಡಿತು. ಬುತ್ತಿ ಕೈಯಲ್ಲಿ ಹಿಡಿದುಕೊಂಡೇ ಹೇಳಿಬಿಟ್ಟೆ.

"ಅದು ಸೌದೆ ಅಲ್ಲ ಸಾವ್ಕಾರ್ರೇ. ಬರ್ಮಾ ತೇಗ. ಒಂದು ಮೊಳೆನೂ ಕಬ್ಬಿಣದ್ದಲ್ಲ, ಎಲ್ಲಾ ತಾಮ್ರ. ನಮ್ಮಾವ ನೋಡವ್ರೆ. ನಿಮಗ್ ಗೊತ್ತಾಗ್ದಿದ್ರೆ ನಮ್ಮಾವ ಏನ್ ಮಾಡಾರು?"

ಯಾರೂ ನಗಲಿಲ್ಲ. ವ್ಯಾಪಾರಿ ಎದ್ದು ನಿಂತರು. ಆ ಎದ್ದು ನಿಂತದ್ದನ್ನು ಕಂಡಾಗಲೇ ನನಗೆ ಎತ್ತಿನ ಸಂತೆಯ ಮಾತು ಅರ್ಥವಾಯಿತು.

ಸಾಹುಕಾರರು ಕೆಟ್ಟವರಲ್ಲ. ಮಾತು ಕೊಟ್ಟಿದ್ದರು, ಅದು ಅವರಿಗೂ ನೆನಪಿತ್ತು. ಎದ್ದು ಮಾವನ ಹತ್ತಿರ ಹೋದರು. "ನಾನು ಉಳಿ ಇಕ್ಕಿ ಕೆರೆದು ನೋಡಾಕಿಲ್ಲ. ನೀನೇ ಏಳು. ನಿನ್ ಸೊಸೆ ಏಳಿದ್ದು ನಿಜವಾ? ಅಲ್ಲ ಅಂದ್ಬುಡು, ಭಾನ್ವಾರ ಹಂಗೇ ಕಳಿಸ್ಬುಡ್ತೀನಿ."

ಆಳುಗಳೆಲ್ಲ ನೋಡುತ್ತಿದ್ದರು. ಮಾವ ದೋಣಿಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. ನಾನು ಕಣ್ಣಿನಲ್ಲೇ ಬೇಡಿಕೊಂಡೆ, ಅಲ್ಲ ಅನ್ನಿ ಎಂದು. ಅವರಿಗೆ ಅದು ಗೊತ್ತಾಗದೇ ಇರಲಿಕ್ಕಿಲ್ಲ.

"ನನ್ ಸೊಸೆ ಏಳಿದ್ದು ನಿಜ ಬುದ್ಧಿ" ಎಂದರು.

ಆಮೇಲೆ ಒಂದೇ ಒಂದು ಕೇಳಿಕೊಂಡರು. "ಗರಗಸಕ್ ಕೊಡ್ಬ್ಯಾಡಿ. ನಾನೇ ಬಿಚ್ಕೊಡ್ತೀನಿ."

ಹನ್ನೊಂದು ದಿನ ಬಿಚ್ಚಿದರು. ಕಟ್ಟಿದ ಕ್ರಮವನ್ನೇ ಹಿಂದು ಮುಂದು ಮಾಡಿ, ಕೊನೆಯ ಹಲಗೆಯಿಂದ ಶುರುಮಾಡಿದರು. ಮೊದಲು ಬಿರಡೆ, ಆಮೇಲೆ ತಾಮ್ರದ ಮೊಳೆಯ ತಲೆ ಅರದಿಂದ ಉಜ್ಜಿ ತೆಗೆಯುವುದು, ಆಮೇಲೆ ಹಲಗೆಯನ್ನು ಒಳಗಿನ ಬಾಗಿದ ಪಕ್ಕೆಮರದಿಂದ ಬಿಡಿಸುವುದು. ಒಂದು ಹಲಗೆಯೂ ಸೀಳಲಿಲ್ಲ. ಬಿಡಿಸಿದ ಹಲಗೆ ನೆಲಕ್ಕೆ ಬಂದ ಮೇಲೂ ಬಾಗಿಕೊಂಡೇ ಇರುತ್ತಿತ್ತು. ಆಳುಗಳು ಅದರ ಮೇಲೆ ದಿಮ್ಮಿ ಹೇರಿ ನೇರ ಮಾಡಿದರು. ಕೊನೆಗೆ ಪಕ್ಕೆಗಳು ಮಾತ್ರ ನಿಂತವು, ಹದ್ದು ತಿಂದು ಬಿಟ್ಟ ಎತ್ತಿನಂತೆ. ಹನ್ನೆರಡನೇ ದಿನ ವ್ಯಾಪಾರಿಯ ಲಾರಿ ಬಂದು ಹೋದ ಮೇಲೆ ಅವೂ ಇರಲಿಲ್ಲ. ಸಾಹುಕಾರರು ಶಾಲೆಗೆ ಬೇರೆ ಮರದಲ್ಲಿ ಎರಡು ಬೆಂಚು ಮಾಡಿಸಿ ಕಳಿಸಿದರು.

ಆ ದಿನಗಳಲ್ಲಿ ನಾನು ಊಟ ತೆಗೆದುಕೊಂಡು ಹೋಗುವುದನ್ನು ಬಿಡಲಿಲ್ಲ. ಬಿಡಬೇಕು ಅನ್ನಿಸುತ್ತಿತ್ತು. ಮಾವ ಎಂದಿನಂತೆ ಕೈ ತೊಳೆದು ಬಂದು ಕೂರುತ್ತಿದ್ದರು. "ಉಪ್ಪು ಕಮ್ಮಿ ಆಗದೆ" ಎಂದೋ, "ಇವತ್ತು ಬಸ್ಸಾರಾ?" ಎಂದೋ ಕೇಳುತ್ತಿದ್ದರು. ದೋಣಿಯ ಮಾತು ಬರಲಿಲ್ಲ. ಶನಿವಾರ ನನ್ನ ಗಂಡ ಬಂದಾಗ ನಡೆದದ್ದೆಲ್ಲ ಹೇಳಿದೆ.

"ಅಪ್ಪ ಏನಂದ್ರು?"

"ಏನೂ ಅನ್ನಲಿಲ್ಲ."

"ಹಂಗಾರೆ ಬುಡು" ಎಂದ. ಬಿಡುವುದು ಹೇಗೆ ಎಂದು ಅವನಿಗೂ ಗೊತ್ತಿರಲಿಲ್ಲ.

ಹಿತ್ತಲಿನ ಕಲ್ಲಿನ ಮೇಲೆ ಮಾವ ಮತ್ತೆ ಬರೆಯಲಿಲ್ಲ. ನಾನೇ ಒಂದು ಸಂಜೆ ಇದ್ದಲು ಕೊಟ್ಟೆ. ತೆಗೆದುಕೊಂಡು, ಸ್ವಲ್ಪ ಹೊತ್ತು ಬೆರಳಲ್ಲಿ ತಿರುಗಿಸಿ, ಒಲೆಗೆ ಹಾಕಿದರು. ಸಿಟ್ಟಿನಿಂದಲ್ಲ. ಒಲೆಗೆ ಬೇಕಿದೆ ಎನ್ನುವ ಹಾಗೆ.

ಮುಂದಿನ ವರ್ಷ ಕೆಮ್ಮು ಹಿಡಿಯಿತು. ಮರದ ಹೊಟ್ಟಿನ ಧೂಳು ಎದೆಯಲ್ಲಿ ಕೂತಿದೆ ಎಂದರು ಮೈಸೂರಿನ ಡಾಕ್ಟರು. ಆರು ತಿಂಗಳಲ್ಲಿ ಮಾವ ಹಾಸಿಗೆಯಿಂದ ಏಳದಂತಾದರು. ಗಂಜಿ ಕುಡಿಸಲು ನಾನು ಅವರ ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿದರೆ ಪಕ್ಕೆಗಳು ಒಂದೊಂದಾಗಿ ಕೈಗೆ ಸಿಗುತ್ತಿದ್ದವು.

ಒಂದು ಬೆಳಿಗ್ಗೆ ಕೆಮ್ಮು ಕಡಿಮೆಯಿತ್ತು. ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು. ನಾನು ಕೇಳಿಬಿಟ್ಟೆ.

"ಅವತ್ತು ಯಾಕೆ ಮಾವ ಅಲ್ಲ ಅನ್ನಲಿಲ್ಲ? ಒಂದು ಮಾತು ಅಂದಿದ್ರೆ ಉಳೀತಿತ್ತು."

ನನ್ನ ಕಡೆ ಹೊರಳಿದರು. "ಅನ್ಬೋದಾಗಿತ್ತು." ಮತ್ತೆ ಉಸಿರು ತೆಗೆದುಕೊಂಡರು. "ಅಷ್ಟು ಗಂಡಸ್ರ ಮುಂದೆ ನೀನು ಸುಳ್ಳಿ ಆಗ್ಬುಡ್ತಿದ್ದೆ. ಮಾರ್ನೇ ದಿನ ಆ ಮಿಲ್ ಬಾಗ್ಲಿಗೆ ಬುತ್ತಿ ಇಡ್ಕಂಡು ಬರಾಕಾಯ್ತಿತ್ತಾ?"

"ಮರ ಕಣವ್ವ ಅದು" ಎಂದರು. ಮತ್ತೆ ಕಿಟಕಿಯ ಕಡೆ ಹೊರಳಿ, "ಒಳ್ಳೇ ಮರ" ಎಂದರು.

ಅದಾಗಿ ಒಂಬತ್ತು ದಿನ ಇದ್ದರು. ಹೋಗುವಾಗ ನಾನು ಹತ್ತಿರವೇ ಇದ್ದೆ. ಗಂಡ ಡಿಪೋದಿಂದ ಬರುವಷ್ಟರಲ್ಲಿ ಮೈ ತಣ್ಣಗಾಗಿತ್ತು.

ಹನ್ನೊಂದನೇ ದಿನದ ತಿಥಿಗೆ ಬೇಗೂರಿನಿಂದ, ತೆರಕಣಾಂಬಿಯಿಂದ ನೆಂಟರು ಬಂದಿದ್ದರು. ಸಾಹುಕಾರರೂ ಬಂದಿದ್ದರು. ಮನೆಯ ಮುಂದೆ ಚಪ್ಪರದಲ್ಲಿ ಎಲೆ ಹಾಕಿ ಕೂರಿಸಿದ್ದೆವು. ನಾನು ಅನ್ನ ಬಡಿಸುತ್ತಾ ಅವರ ಎಲೆಯ ಹತ್ತಿರ ಬಂದಾಗ ಅವರು ಪಕ್ಕದಲ್ಲಿದ್ದ ನಮ್ಮ ಸಂಬಂಧಿಕರಿಗೆ ನನ್ನನ್ನು ತೋರಿಸಿ ಹೇಳಿದರು.

"ಈ ಯಮ್ಮ ಸುಳ್ಳು ಏಳಾಕಿಲ್ಲ ಕಣಪ್ಪ. ನಾನು ಕಣ್ಣಾರೆ ಕಂಡಿವ್ನಿ. ಅವಳ ಮಾವನೇ ಸಾಕ್ಷಿ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಅವರ ಎಲೆಗೆ ಅನ್ನ ಬಡಿಸಿ ಮುಂದಿನ ಎಲೆಗೆ ಹೋದೆ.