ಮಾತ್ರೆ ಡಬ್ಬಿಯ ನಾಲ್ಕನೇ ಸಿಮ್

ಕಳೆದ ವರ್ಷ ದೀಪಾವಳಿ ಕಳೆದು ಎರಡನೇ ಶುಕ್ರವಾರ. ನಮ್ಮ ಅತ್ತೆ ಪಾರ್ವತಮ್ಮನವರಿಗೆ ಫೋನು ಕೊಡಿಸಲೆಂದು ಇಬ್ಬರೂ ಕೆಂಗೇರಿಯಿಂದ ಮೆಟ್ರೊ ಹಿಡಿದು ವಿಜಯನಗರಕ್ಕೆ ಹೋಗಿದ್ದೆವು. ಅಂದು ಬೆಳಿಗ್ಗೆ ಅಲ್ಲಿ ಕಳೆದ ಅರ್ಧ ಗಂಟೆ ಈಗಲೂ ನನ್ನ ಕಣ್ಣಮುಂದೆ ಮತ್ತೆ ಮತ್ತೆ ಬರುತ್ತದೆ. ಮಕ್ಕಳಿಗೆ ಪಾಠ ಮಾಡುತ್ತಿರುವಾಗಲೂ ಕೆಲವೊಮ್ಮೆ ಮಾತು ನಿಲ್ಲಿಸಿ ನನ್ನ ಮೊಣಕೈಗಳನ್ನು ಮುಟ್ಟಿ ನೋಡಿಕೊಳ್ಳುತ್ತೇನೆ.

ಆ ಫೋನು ಹಳೆಯದಕ್ಕೆ ಬದಲಿಯಲ್ಲ, ಒಂದೂವರೆ ತಿಂಗಳ ಹಿಂದೆ ಕೊಂಡ ಹೊಸದಕ್ಕೇ ಬದಲಿ. ಆ ದಡ್ಡತನದಲ್ಲಿ ಎಂ.ಎಸ್ಸಿ. ಓದಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೂ ಪಾಲಿದೆ. ಆಯುಧಪೂಜೆಗೆ ಹದಿನೈದು ದಿನ ಮುಂಚೆ, ಕಡಿಮೆ ಬೆಲೆಗೆ ಸಿಗುತ್ತಿದೆ ಎಂದು ಒಂದು ಫೋನು ತಂದೆ. ನಮ್ಮ ಮನೆಯಲ್ಲಿ ಹೊಸ ಸಾಮಾನು ಯಾವುದೇ ಇರಲಿ, ವಿಭೂತಿ ಹಚ್ಚಿ ಪೂಜೆ ಆಗುವವರೆಗೆ ಅದರ ಡಬ್ಬಿ ಒಡೆಯುವಂತಿಲ್ಲ. ಮಿಕ್ಸಿಗೂ ಅದೇ ನಿಯಮ, ಇಸ್ತ್ರಿ ಪೆಟ್ಟಿಗೆಗೂ ಅದೇ. ಹೇಗೂ ಆಯುಧಪೂಜೆ ಹತ್ತಿರವಿದೆಯಲ್ಲ ಎಂದು ಅತ್ತೆ ಆ ಡಬ್ಬಿಯನ್ನು ಹಾಗೇ ದೇವರ ಗೂಡಿನಲ್ಲಿಟ್ಟರು. ನಾನೂ ಸುಮ್ಮನಿದ್ದೆ.

ಹಬ್ಬದ ದಿನ ಮಂಗಳಾರತಿ ಮಾಡಿ ಡಬ್ಬಿ ಒಡೆದು ಅತ್ತೆಯ ಸಿಮ್ ಹಾಕಿದರೆ ಫೋನು ಅದನ್ನು ಒಪ್ಪಲೇ ಇಲ್ಲ. ಡಬ್ಬಿಯ ತಳದಲ್ಲಿ ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ ಬರೆದಿತ್ತು: ಈ ಫೋನಿನಲ್ಲಿ ಒಂದೇ ಒಂದು ಕಂಪನಿಯ ಸಿಮ್ ಮಾತ್ರ ನಡೆಯುತ್ತದೆ. ವಾಪಸ್ ಕೊಡೋಣವೆಂದರೆ ಅದಕ್ಕೆ ಕೊಟ್ಟಿದ್ದ ಒಂದು ವಾರದ ಗಡುವು ದೇವರ ಗೂಡಿನಲ್ಲೇ ಕಳೆದುಹೋಗಿತ್ತು.

ಅಷ್ಟರಲ್ಲಿ ಹಳೆಯ ಫೋನೂ ಕೆಟ್ಟುಹೋಗಿತ್ತು. ಬೇರೆ ದಾರಿಯಿಲ್ಲದೆ ಆ ಕಂಪನಿಯದೇ ಸಿಮ್ ಕೊಂಡೆವು. ಕೆಂಗೇರಿ ಉಪನಗರದ ನಮ್ಮ ಮನೆಯೊಳಗೆ ಅದರ ಸಿಗ್ನಲ್ ಸಿಗುತ್ತಿರಲಿಲ್ಲ, ಗೇಟಿನ ಹತ್ತಿರ ಮಾತ್ರ ಬರುತ್ತಿತ್ತು. ದಾವಣಗೆರೆಯಲ್ಲಿರುವ ಮಗಳು ಗೌರಿಯ ಜೊತೆ ದಿನಾ ಮಾತಾಡದಿದ್ದರೆ ಅತ್ತೆಗೆ ಊಟ ಸೇರುವುದಿಲ್ಲ. ಹೀಗಾಗಿ ದಿನಾ ಬೆಳಿಗ್ಗೆ ಚಳಿಯಲ್ಲಿ ಶಾಲು ಹೊದ್ದು ಗೇಟಿಗೆ ಒರಗಿ ನಿಂತು ಮಾತಾಡುತ್ತಿದ್ದರು. ಗೌರಿಯ ಅತ್ತೆ ಏನಂದರು, ಅದಕ್ಕೆ ಗೌರಿ ಏನಂದಳು ಎಂಬುದೆಲ್ಲ ನಮ್ಮ ಬೀದಿಗೇ ಬಾಯಿಪಾಠವಾಯಿತು. ಅದು ಹೋಗಲಿ ಎಂದರೆ, ಆ ಚಳಿಗೆ ಅತ್ತೆಯ ಹಳೆಯ ಉಬ್ಬಸ ಮತ್ತೆ ಕೆರಳಿತು. ಡಾಕ್ಟರು ಮತ್ತೆ ಬಾಯಿಗಿಟ್ಟು ಎಳೆದುಕೊಳ್ಳುವ ಔಷಧಿಯ ಪಂಪು ಬರೆದುಕೊಟ್ಟ ದಿನವೇ ನಾನು ನಿರ್ಧಾರ ಮಾಡಿದೆ: ಯಾವ ಕಂಪನಿಯ ಸಿಮ್ ಹಾಕಿದರೂ ನಡೆಯುವ ಫೋನು ಕೊಳ್ಳಬೇಕು, ಅದನ್ನು ಅಂಗಡಿಯಲ್ಲೇ ನೋಡಿಯೇ ತರಬೇಕು.

ನನ್ನ ಸಹೋದ್ಯೋಗಿಯೊಬ್ಬರು ಲೋಕೇಶ್ ಎಂಬುವರ ಅಂಗಡಿಯ ಹೆಸರು ಹೇಳಿದರು. ಅದಿರುವುದು ವಿಜಯನಗರದ ಒಂದು ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ. ಶುಕ್ರವಾರ ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಫೋನು ಕೈಗೆ ಬಂದು ಕಟ್ಟಡದಿಂದ ಆಚೆ ಇರಬೇಕೆಂದು ಅತ್ತೆಯ ಹಟ. ನಾನು ಕೇಳಿಕೊಂಡದ್ದಕ್ಕೆ ಲೋಕೇಶ್ ಒಂಬತ್ತೂವರೆಗೇ ಬಂದು ಬಾಗಿಲು ತೆಗೆದಿದ್ದರು. ಉಳಿದ ಅಂಗಡಿಗಳ ಷಟರ್ ಇನ್ನೂ ಮುಚ್ಚಿತ್ತು. ಅತ್ತೆಯ ಮಂಡಿನೋವಿಗಾಗಿ ಲಿಫ್ಟಿನಲ್ಲಿ ಹತ್ತಿದೆವು.

ನಲವತ್ತರ ಆಸುಪಾಸಿನ ಲೋಕೇಶ್ ಅಲ್ಲೇ ಪಕ್ಕದ ಹೊಸಹಳ್ಳಿಯವರು. ಅವರ ಅಜ್ಜ ಆ ಕಟ್ಟಡವಿರುವ ಜಾಗದಲ್ಲೇ ರಾಗಿ ಬೆಳೆಯುತ್ತಿದ್ದರಂತೆ. ನಾನು ಆರಿಸಿದ ಫೋನನ್ನು ಕೈಗೆತ್ತಿಕೊಂಡು, "ಅಮ್ಮ, ಡಬ್ಬಿ ಓಪನ್ ಮಾಡ್ತೀನಿ" ಎಂದರು.

"ಬ್ಯಾಡಪ್ಪ, ಬ್ಯಾಡ! ಮನೆಗೆ ಒಯ್ದು ಪೂಜೆ ಮಾಡಿ ನಾವೇ ಒಡಿತೀವಿ."

"ಹೋದ್ಸಲ ಹಂಗೇ ಮಾಡಿದ್ರಂತಲ್ಲಮ್ಮ. ದೇವ್ರು ಆಶೀರ್ವಾದ ಮಾಡ್ತಾನೆ, ರಿಟರ್ನ್ ತಗೊಳಲ್ಲ."

ಅತ್ತೆಗೆ ನಗು ತಡೆಯಲಾಗಲಿಲ್ಲ. "ಶೈಲ, ಎಲ್ಲಾ ಮೊದ್ಲೇ ಊದಿ ಇಟ್ಟೀಯೇನು ಇವ್ನ ಕಿವಿಗೆ?" ಎಂದು ನನ್ನನ್ನು ಗದರಿ, "ಆತು, ಹಂಗಾರೆ ಪೂಜೆ ಇಲ್ಲೇ" ಎಂದು ಕೈಚೀಲದಿಂದ ವಿಭೂತಿ ಗಟ್ಟಿ, ಕುಂಕುಮ, ಸೇವಂತಿಗೆ ಹೂವು, ಎರಡು ಬಾಳೆಹಣ್ಣು ತೆಗೆದು ಗಾಜಿನ ಮೇಜಿನ ಮೇಲಿಟ್ಟರು. ಪೂರ್ತಿ ತಯಾರಾಗಿಯೇ ಬಂದಿದ್ದರು!

ಪೂಜೆಯಾದ ಮೇಲೆ ಲೋಕೇಶ್ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದರು. ವಯಸ್ಸಾದವರು ದಿನಕ್ಕೊಂದು ಗೂಡಿನಂತೆ ಮಾತ್ರೆ ಹಾಕಿಟ್ಟುಕೊಳ್ಳುವ ಡಬ್ಬಿ ಅದು. ಅದರ ನಾಲ್ಕು ಗೂಡುಗಳಲ್ಲಿ ನಾಲ್ಕು ಕಂಪನಿಗಳ ಸಿಮ್‌ಗಳಿದ್ದವು. ಯಾರೇ ಫೋನು ಕೊಂಡರೂ ನಾಲ್ಕನ್ನೂ ಒಂದೊಂದಾಗಿ ಹಾಕಿ, ತಮ್ಮದೇ ನಂಬರಿಗೆ ಕರೆ ಮಾಡಿ, ಅದು ರಿಂಗಾದ ಮೇಲೆಯೇ ಅವರು ಫೋನು ಕೈಗೆ ಕೊಡುವುದು. ಮೊದಲ ಜಾಗದಲ್ಲಿ ಅತ್ತೆಯ ಹಳೆಯ ನಂಬರಿನ ಸಿಮ್ ಕೂರಿಸಿ, ಎರಡನೇ ಜಾಗದಲ್ಲಿ ತಮ್ಮ ಸಿಮ್‌ಗಳನ್ನು ಹಾಕಿ ನೋಡತೊಡಗಿದರು. ಒಂದು ರಿಂಗಾಯಿತು. ಎರಡನೆಯದೂ ಆಯಿತು. ಮೂರನೆಯದೂ ಆಯಿತು.

"ಎಷ್ಟು ಸಲಪ್ಪ ನಿನಗೆ ನೀನೇ ಫೋನ್ ಮಾಡ್ಕೊಳ್ಳೋದು? ರಾಹುಕಾಲ ಬಂತು!" ಅತ್ತೆ ಎದ್ದೇ ನಿಂತರು.

"ಇದೊಂದು ಲಾಸ್ಟು ಅಮ್ಮ." ನಾಲ್ಕನೆಯದೂ ರಿಂಗಾಯಿತು. ಅತ್ತೆ ಆ ಫೋನನ್ನು ಅವರ ಕೈಯಿಂದ ಹೆಚ್ಚುಕಡಿಮೆ ಕಿತ್ತುಕೊಂಡೇ ಹೊರಟರು. ಆಗ ಹತ್ತೂಕಾಲು.

ಲಿಫ್ಟಿನ ಬಾಗಿಲು ಮುಚ್ಚಿ, ಎರಡನೇ ಮಹಡಿ ದಾಟುತ್ತಿದ್ದಂತೆ ದೀಪ ಆರಿತು. ಫ್ಯಾನು ನಿಂತಿತು. ಲಿಫ್ಟು ಒಮ್ಮೆ ಕುಲುಕಿ ಅಲ್ಲೇ ನಿಂತುಬಿಟ್ಟಿತು. ಕರೆಂಟ್ ಹೋಗಿದೆ, ಈಗ ಬರುತ್ತದೆ ಎಂದುಕೊಂಡೆವು. ಗಂಟೆಯ ಗುಂಡಿ ಒತ್ತಿದೆ, ಸದ್ದಿಲ್ಲ. ಬಾಗಿಲು ಬಡಿದೆ, ಕೂಗಿದೆ. ಕಟ್ಟಡದಲ್ಲಿ ಕೇಳಿಸಿಕೊಳ್ಳಲು ಯಾರಿದ್ದರು? ಲೋಕೇಶರ ಅಂಗಡಿಗೆ ಗಾಜಿನ ಬಾಗಿಲು, ಯುಪಿಎಸ್ಸು. ಕರೆಂಟ್ ಹೋದದ್ದೇ ಅವರಿಗೆ ಗೊತ್ತಾಗಿರಲಿಲ್ಲ.

ನನ್ನ ಫೋನಿನ ಬೆಳಕು ಹಾಕಿದೆ. ಸಿಗ್ನಲ್ ಇಲ್ಲ. ತುರ್ತು ಸಂಖ್ಯೆ ಒತ್ತಿದೆ, ಸ್ವಲ್ಪ ಹೊತ್ತು ಪ್ರಯತ್ನಿಸಿ ಅದೂ ಸುಮ್ಮನಾಯಿತು. ಆಗಲೇ ಅತ್ತೆಯ ಎದೆಯಿಂದ ಆ ಸುಯ್ಯೆನ್ನುವ ಸದ್ದು ಕೇಳಿಸಿತು.

"ಅತ್ತೆ, ಪಂಪು ಎಲ್ಲಿ?"

ಅವರು ಕೈಚೀಲ ಬಿಚ್ಚಿದರು. ವಿಭೂತಿ, ಕುಂಕುಮ, ಬಾಳೆಹಣ್ಣು. ಪೂಜೆಯ ಸಾಮಾನಿಗೆಂದು ಬೆಳಿಗ್ಗೆ ಬೇರೆ ಚೀಲ ತೆಗೆದುಕೊಂಡಿದ್ದರು. ಪಂಪು ದಿನಾ ಒಯ್ಯುವ ಚೀಲದಲ್ಲೇ ಉಳಿದಿತ್ತು.

ಅವರನ್ನು ನೆಲದ ಮೇಲೆ, ಬೆನ್ನು ಗೋಡೆಗೆ ತಾಗುವಂತೆ ನೇರವಾಗಿ ಕೂರಿಸಿದೆ. ಉಸಿರು ಒಳಗೆ ಹೋಗಲು ಕಷ್ಟ, ಹೊರಬರಲು ಅದಕ್ಕಿಂತ ಕಷ್ಟ. "ಶೈಲ... ಗೌರಿಗೆ... ಹೇಳವ್ವ..." ಎಂದರು.

"ನೀವೇ ಹೇಳಿ ಅತ್ತೆ, ಹೊಸ ಫೋನಿದೆಯಲ್ಲ" ಎಂದೆ. ಧೈರ್ಯಕ್ಕೆ ಆಡಿದ ಮಾತು ಅದು. ಆಡಿದ ಮೇಲೆ ಅವರ ಮಡಿಲಲ್ಲಿದ್ದ, ವಿಭೂತಿ ಮೆತ್ತಿದ ಆ ಫೋನಿನ ಕಡೆ ನೋಡಿದೆ. ಅತ್ತೆಯ ಸಿಮ್ಮೂ ನನ್ನ ಕಂಪನಿಯದೇ. ಅದರ ಮುಂದೆ ಅಡ್ಡಗೆರೆ ಬಂದಿತ್ತು. ಆದರೆ ಅದರ ಪಕ್ಕದಲ್ಲಿ ಎರಡನೇ ಸಿಗ್ನಲ್ಲಿನ ಗುರುತು, ಅದರಲ್ಲಿ ಒಂದೇ ಒಂದು ಕಡ್ಡಿ.

ಎರಡನೇ ಸಿಮ್ ಎಲ್ಲಿಂದ ಬಂತು? ಯೋಚಿಸುತ್ತ ಕೂರಲಿಲ್ಲ. ಕರೆಗಳ ಪಟ್ಟಿ ತೆಗೆದೆ. ನಾಲ್ಕು ಕರೆಗಳು, ನಾಲ್ಕೂ ಒಂದೇ ನಂಬರಿಗೆ. ಮೇಲಿನದನ್ನು ಒತ್ತಿದೆ.

"ಯಾರ್ ಗುರು, ನನ್ ಸಿಮ್ಮಿಂದ ನಂಗೇ ಫೋನ್ ಮಾಡ್ತಿರೋದು?" ಲೋಕೇಶರ ದನಿ.

"ಸಾರ್, ಲಿಫ್ಟಲ್ಲಿ ಸಿಕ್ಕೊಂಡಿದೀವಿ! ಅತ್ತೆಗೆ ಉಸಿರಾಟ ಆಗ್ತಿಲ್ಲ!"

ಆಮೇಲೆ ಅವರು ಒಂದೇ ಒಂದು ಅನಾವಶ್ಯಕ ಮಾತು ಆಡಲಿಲ್ಲ. "ಪಂಪ್ ಹೆಸ್ರು ಹೇಳಿ ಮೇಡಂ. ಲೈನ್ ಕಟ್ ಮಾಡ್ಬೇಡಿ." ಹೇಳಿದೆ. ಅವರು ಮೆಟ್ಟಿಲಿಳಿದು ಓಡುವ ಸದ್ದು ಮೊದಲು ಫೋನಿನಲ್ಲಿ, ಮರುಕ್ಷಣ ಗೋಡೆಯಾಚೆಯಿಂದಲೂ ಕೇಳಿಸಿತು. ಎದುರಿನ ಮೆಡಿಕಲ್ ಸ್ಟೋರಿನವನಿಗೆ ಪಂಪಿನ ಹೆಸರು ಕೂಗಿ ಹೇಳಿದ್ದು ಕೇಳಿಸಿತು. ಟೀ ಕುಡಿಯುತ್ತಿದ್ದ ವಾಚ್‌ಮನ್ ನಂಜಪ್ಪನಿಗೆ, "ಲೋಟ ಬಿಸಾಕಿ ಟೆರೇಸಿಗೆ ಹೋಗಣ್ಣ, ಲಿಫ್ಟ್ ಮೇನ್ ಆಫ್ ಮಾಡು!" ಎಂದದ್ದೂ ಕೇಳಿಸಿತು. ನಡುನಡುವೆ ಅತ್ತೆಗೂ ಹೇಳುತ್ತಿದ್ದರು: "ಅಮ್ಮ, ನಿಧಾನಕ್ಕೆ ಉಸಿರು ಬಿಡಿ. ಬಂದೆ, ಬಂದೆ."

ಸ್ವಲ್ಪ ಹೊತ್ತಿಗೆ ಮೇಲುಗಡೆ ಕಬ್ಬಿಣ ಕಿರುಗುಟ್ಟಿತು. ಎರಡನೇ ಮಹಡಿಯ ಹೊರಬಾಗಿಲನ್ನು ಲೋಕೇಶ್ ಏನನ್ನೋ ತೂರಿಸಿ ಮೀಟಿದ್ದರು. ಒಳಬಾಗಿಲನ್ನು ನಾನು ಎಳೆದು ಸರಿಸಿದೆ, ಬೆಳಕು ಒಳಗೆ ಬಿತ್ತು. ಆ ಮಹಡಿಯ ನೆಲ ನನ್ನ ಭುಜದ ಮಟ್ಟಕ್ಕಿತ್ತು. ಸಂದಿಯಿಂದ ಒಂದು ಕೈ ಇಳಿಯಿತು. ಅದರಲ್ಲಿ ಪಂಪು. ಅತ್ತೆ ಒಂದು ಸಲ ಎಳೆದುಕೊಂಡರು, ತಡೆದು ಇನ್ನೊಂದು ಸಲ. ಸುಯ್ಯೆನ್ನುವುದು ನಿಲ್ಲಲಿಲ್ಲ, ಆದರೆ ಕಣ್ಣಿಗೆ ಜೀವ ಬಂತು.

ಈಗ ಹೇಳುವುದು ನಾನು ಮಾಡಿದ ತಪ್ಪು. ಆ ಬೆಳಕು ಕಂಡದ್ದೇ ನನಗೆ ಬುದ್ಧಿ ಓಡಲಿಲ್ಲ. ಮೊದಲು ನಾನು ಹತ್ತಿ ಆಮೇಲೆ ಅತ್ತೆಯನ್ನು ಎಳೆದುಕೊಂಡರಾಯಿತು ಎಂದು ಎರಡೂ ಮೊಣಕೈಗಳನ್ನು ಮೇಲಿನ ನೆಲದ ಅಂಚಿಗೆ ಊರಿ, ತಲೆ ಆಚೆ ಹಾಕಿದೆ.

"ಮೇಡಂ, ಬೇಡ! ಒಳಗೆ ಹೋಗಿ! ನಂಜಪ್ಪ ಇನ್ನೂ ಮೇನ್ ಆಫ್ ಮಾಡಿಲ್ಲ!" ಲೋಕೇಶ್ ಅರಚಿದರು. ಕೆಳಗಿನಿಂದ ಅತ್ತೆಯೂ, ಆ ಉಬ್ಬಸದಲ್ಲೇ, ನನ್ನ ಸೀರೆಯ ನೆರಿಗೆ ಹಿಡಿದು ಎಳೆದರು. ನಾನು ಹಿಂದಕ್ಕೆ ಕುಸಿದೆ.

ಕರೆಂಟ್ ಬಂತು. ದೀಪ ಹತ್ತಿತು. ಬಾಗಿಲೆರಡೂ ತೆರೆದಿದ್ದರೂ ಆ ಹಳೆಯ ಲಿಫ್ಟು ದಡಕ್ಕನೆ ಮೊಳದುದ್ದ ಕೆಳಗಿಳಿದು ಮತ್ತೆ ನಿಂತಿತು. ನಾನು ಮೊಣಕೈ ಊರಿದ್ದ ಅಂಚು ಈಗ ನನ್ನ ತಲೆಗಿಂತ ಮೇಲಿತ್ತು. ಅದರ ಮತ್ತು ಲಿಫ್ಟಿನ ಚಾವಣಿಯ ನಡುವೆ ನನ್ನ ತಲೆ ತೂರುವಷ್ಟು ಜಾಗ ಉಳಿದಿರಲಿಲ್ಲ.

ಆಮೇಲೆ ಮೇಲಿನಿಂದ ನಂಜಪ್ಪನ ದನಿ ಬಂತು: "ಆಫ್ ಮಾಡ್ದೆ ಸಾ!" ಅವನೇ ಟೆರೇಸಿನಲ್ಲಿದ್ದ ಲಿಫ್ಟಿನ ಯಂತ್ರದ ಚಕ್ರವನ್ನು ಕೈಯಿಂದ ತಿರುಗಿಸಿ ಗೇಣು ಗೇಣಾಗಿ ಲಿಫ್ಟನ್ನು ಮೊದಲನೇ ಮಹಡಿಗೆ ಇಳಿಸಿದ. ಬಾಗಿಲು ತೆರೆಯಿತು. ಅತ್ತೆ ಲೋಕೇಶರ ಹೆಗಲು ಹಿಡಿದು ತಮ್ಮ ಕಾಲಿನ ಮೇಲೆಯೇ ಹೊರಗೆ ಬಂದರು. ಮೆಟ್ಟಿಲಿನ ಮೇಲೆ ಕೂತುಬಿಟ್ಟವಳು ನಾನು.

ಹತ್ತಿರದ ಕ್ಲಿನಿಕ್ಕಿನಲ್ಲಿ ಅತ್ತೆಗೆ ಹಬೆಯ ಔಷಧಿ ಕೊಟ್ಟು, ಭಯವಿಲ್ಲ ಎಂದರು. ಗಂಟೆ ನೋಡಿದರೆ ಹನ್ನೊಂದೂಕಾಲು. ಅತ್ತೆ ನಕ್ಕರು. "ಸಿಕ್ಕೊಂಡಿದ್ದು ಒಳ್ಳೆ ಟೈಮಾಗೆ, ಉಳಿದಿದ್ದು ರಾಹುಕಾಲದಾಗೆ. ಯಾರಿಗೂ ಹೇಳಬ್ಯಾಡ ಶೈಲ, ನಗ್ತಾರೆ."

ಮೊದಲು ಎಲ್ಲರಿಗೂ ಹೇಳಿದವರು ಅವರೇ. ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತೇ, ಲೋಕೇಶರ ಸಿಮ್ಮಿನಲ್ಲೇ, ಗೌರಿಗೆ ಫೋನು ಮಾಡಿ ಎಲ್ಲವನ್ನೂ ಒಪ್ಪಿಸಿದರು. ಲೋಕೇಶ್ ಪಕ್ಕದಲ್ಲಿ ನಿಂತು, "ಅಮ್ಮ, ಕರೆನ್ಸಿ ನಂದು, ಸ್ವಲ್ಪ ಶಾರ್ಟಾಗಿ ಹೇಳಿ" ಎಂದು ರೇಗಿಸಿದರು.

ಮರುವಾರ ಅತ್ತೆ ಹೋಳಿಗೆ ಮಾಡಿ, ಆ ಸಿಮ್ಮನ್ನು ಕುಂಕುಮದ ಬಟ್ಟಲಿನಲ್ಲಿಟ್ಟು ಲೋಕೇಶರಿಗೆ ವಾಪಸ್ ಕೊಟ್ಟರು. ಅಂದು ಮಂಡಿನೋವನ್ನೂ ಲೆಕ್ಕಿಸದೆ ಮೂರು ಮಹಡಿ ಹತ್ತಿದರು. ಅಷ್ಟರಲ್ಲಿ ಲೋಕೇಶ್ ಮಾಲೀಕರ ಬೆನ್ನು ಹತ್ತಿ ಲಿಫ್ಟಿನ ಗಂಟೆ, ಬಾಗಿಲು ಎರಡನ್ನೂ ರಿಪೇರಿ ಮಾಡಿಸಲು ಶುರುಮಾಡಿದ್ದರು. ಸಿಮ್ಮನ್ನು ಮಾತ್ರೆ ಡಬ್ಬಿಯ ನಾಲ್ಕನೇ ಗೂಡಿಗೆ ಹಾಕುತ್ತ, "ಹತ್ತು ವರ್ಷದಿಂದ ಟೆಸ್ಟ್ ಮಾಡ್ತಿದೀನಿ ಮೇಡಂ, ಒಂದ್ಸಲಾನೂ ಸಿಮ್ ಒಳಗೆ ಮರ್ತಿರ್ಲಿಲ್ಲ. ಅಮ್ಮ ಅವಸರ ಮಾಡಿದ್ರು ನೋಡಿ" ಎಂದರು. ಅತ್ತೆ ಅದನ್ನು ತಮ್ಮ ಗೆಲುವೆಂದೇ ಲೆಕ್ಕ ಹಾಕಿಕೊಂಡಿದ್ದಾರೆ. ಉಪನಗರದ ಪಾರ್ಕಿನಲ್ಲಿ ತಮ್ಮ ಗೆಳತಿಯರಿಗೆ ಈಗ ಅವರದೇ ಉಪದೇಶ: "ಅಂಗಡಿಯಾಗೇ ಡಬ್ಬಿ ಒಡಿಸ್ರಿ, ಎಲ್ಲಾ ಕಂಪನಿ ಸಿಮ್ ಹಾಕ್ಸಿ ನೋಡ್ರಿ, ಆಮೇಲೆ ಪೂಜೆ."

ನಾನು ಇಂದಿಗೂ ಲಿಫ್ಟು ಹತ್ತುವುದಿಲ್ಲ. ದೀಪ ಇದ್ದಕ್ಕಿದ್ದಂತೆ ಹತ್ತಿಕೊಂಡರೆ ಮೊಣಕೈಗಳನ್ನು ಒಳಕ್ಕೆ ಎಳೆದುಕೊಳ್ಳುತ್ತೇನೆ. ಆ ಅಂಚು, ಆ ಮೊಳದುದ್ದ, ನನ್ನ ಸೀರೆಯನ್ನು ಹಿಡಿದ ಆ ಕೈ ನೆನಪಾಗುತ್ತದೆ. ಉಸಿರಿಲ್ಲದ ಹೊತ್ತಿನಲ್ಲೂ ಅವರು ನನ್ನನ್ನು ಎಳೆದುಕೊಂಡರು. ಹೀಗೆ ಮನಸ್ಸು ಕದಡಿದಾಗ ಒಳಕೋಣೆಯಿಂದ, ಕಿಟಕಿ ಬಾಗಿಲು ಮುಚ್ಚಿ, ಬೆಚ್ಚಗೆ ಕೂತ ಅತ್ತೆ ಮಗಳಿಗೆ ಕೂಗಿ ಹೇಳುವುದು ಕೇಳಿಸುತ್ತದೆ: "ಹಲೋ ಗೌರಿ, ಕೇಳ್ತದೇನೇ? ನಂಗೆ ಚೆನ್ನಾಗಿ ಕೇಳ್ತದೆ!" ಅವರ ದನಿ ಈಗಲೂ ಬೀದಿಯವರೆಗೆ ಹೋಗುತ್ತದೆ. ಹೋಗಲಿ ಬಿಡಿ.